ನಿಸ್ತಂತು ವಾರ್ತೆಯಲ್ಲಿ ಗುರುತು ಸಂಕೇತಗಳ ಮಿತವ್ಯಯ

ಬೆಳಿಗ್ಗೆ ಮೊದಲನೆಯ ಗಂಟೆ ಬಾರಿಸಿದೊಡನೆ ಉಪಾಧ್ಯಾಯಿನಿಯು ಹಾಜರಿ ಪುಸ್ತಕವನ್ನು ತೆರೆದು ಒಂದೊಂದಾಗಿ ಹೆಸರು ಕೂಗುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೂ ಮರೆತಿರಲಾರರು. ೪೦ ಮಂದಿ ಬಾಲಿಕೆಯರಿರುವ ತರಗತಿಯಲ್ಲಿ ಈ ಕೆಲಸಕ್ಕೆ ಮೂರು ನಿಮಿಷಗಳು ಸಾಕಾಗುತ್ತವೆ. ೬೦ ಮಂದಿಯಾದರೆ ಐದು ನಿಮಿಷಗಳಾದರೂ ಬೇಕು. ತರಗತಿಯು ಬೆಳೆದ ಹಾಗೆಲ್ಲಾ ಹಾಜರಿಯ ಕಾಲವೂ ಬೆಳೆಯುವುದು, ಆದರೆ ಪಾಠದ ಅವಧಿ ಮಾತ್ರ ಬೆಳೆಯದು. ಹಾಜರಿ ತೆಗೆದುಕೊಳ್ಳದೆ ಶಾಲೆ ನಡೆಯಲಾರದು. ಹಾಜರಿ ತೆಗೆದುಕೊಳ್ಳುವುದರಲ್ಲಿಯೇ ಗಂಟೆ ಮುಗಿದರೆ ಶಾಲೆಯಿಂದ ಪ್ರಯೋಜನವೂ ಇರಲಾರದು. ಶಾಲೆಯ ಭಾರವನ್ನು ಹೊತ್ತವರೆಲ್ಲರೂ ಈ ಎರಡರ ನಡುವೆ ತೂಗಾಡಿದವರೇ.

ಇದನ್ನು ಇಲ್ಲಿ ಎತ್ತಿದ್ದೇಕೆಂದರೆ, ಈಗಿನ ಮೊಬೈಲು ಫೋನುಗಳ ಟವರುಗಳಲ್ಲಿಯೂ ಇಂಥದೇ ಒಂದು ತೊಡಕು ಉಂಟು. ಕಳೆದ ವರ್ಷ ಪೋಷಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು, "ಅಮ್ಮನವರೇ, ನಮ್ಮ ಬೀದಿಯ ಟವರಿನ ಮೇಲೆ ಹೊಸದೊಂದು ಪೆಟ್ಟಿಗೆಯನ್ನು ಕೂರಿಸಿದ್ದಾರೆ. ಅದರೊಳಗೆ ೬೪ ಆಂಟೆನಾಗಳಿವೆಯಂತೆ. ಹಾಗಾದರೆ ವೇಗವೂ ೬೪ ಪಾಲು ಹೆಚ್ಚಬೇಕಲ್ಲವೇ? ಹೆಚ್ಚಿಲ್ಲವಲ್ಲ!" ಎಂದು ಕೇಳಿದರು. ಆಗ ನಮಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಮೇಲೆ ಶಾಲೆಯನ್ನು ನೋಡಲು ಬಂದಾಗ, ಅವಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿದೆವು. ಎರಡು ತಾಸು ಅವಳು ಪಾಠ ಹೇಳಿದಳು; ನಾವು ಬೆಂಚಿನ ಮೇಲೆ ಕುಳಿತು ಬರೆದುಕೊಂಡೆವು. ಅವಳು ಹೇಳಿದುದನ್ನೂ, ಆ ಮೇಲೆ ನಾವಾಗಿ ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತೇವೆ.

ಟವರಿನಿಂದ ಹೊರಟ ರೇಡಿಯೋ ತರಂಗವು ನೆಟ್ಟಗೆ ನಮ್ಮ ಕೈಯಲ್ಲಿರುವ ಫೋನಿಗೆ ಬಂದು ಸೇರುವುದೆಂದು ಅನೇಕರು ಭಾವಿಸಿದ್ದಾರೆ. ನಿಜವಾಗಿ ಅದು ಗೋಡೆಗೆ ತಾಗಿ, ಗುಡ್ಡಕ್ಕೆ ತಾಗಿ, ಓಡುವ ಬಸ್ಸಿಗೆ ತಾಗಿ, ಚದರಿ, ಹಲವು ಪ್ರತಿಗಳಾಗಿ ಬರುತ್ತದೆ. ಒಂದು ಪ್ರತಿಯ ಉಬ್ಬು ಇನ್ನೊಂದರ ಉಬ್ಬಿನೊಡನೆ ಕೂಡಿದರೆ ಶಬ್ದವು ಬಲವಾಗುವುದು. ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿದರೆ ಎರಡೂ ಅಳಿಸಿಹೋಗುವುವು. ಹೀಗೆ ಬಂದ ಕಲಸುಮೇಲೋಗರದೊಳಗಿಂದ ಫೋನು ತನಗೆ ಬೇಕಾದ ವಾರ್ತೆಯನ್ನು ಹೇಗೆ ಬಿಡಿಸಿಕೊಳ್ಳಬೇಕು?

ಪ್ರತಿಧ್ವನಿ ಬಹಳವಾಗಿರುವ ದೊಡ್ಡ ಹಾಲಿನಲ್ಲಿ ಉಕ್ತಲೇಖನ ಬರೆಸುವ ಉಪಾಧ್ಯಾಯಿನಿಯನ್ನು ನೆನೆಯಿರಿ. ಹಿಂದಿನ ಸಾಲಿನ ಹುಡುಗಿಗೆ ಮಾತು ಕಲಸಿ ಕೇಳಿಸುತ್ತದೆ. ಆದರೆ ಉಪಾಧ್ಯಾಯಿನಿಯು ಪಾಠಕ್ಕೆ ಮೊದಲು, ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ವಾಕ್ಯವನ್ನು ಓದಿದಳೆಂದು ಇಟ್ಟುಕೊಳ್ಳೋಣ. ಏನು ಕೇಳಿಸಬೇಕಾಗಿತ್ತೆಂಬುದು ಹುಡುಗಿಗೆ ಮೊದಲೇ ಗೊತ್ತು. ಏನು ಕೇಳಿಸಿತೆಂಬುದು ಈಗ ಗೊತ್ತಾಯಿತು. ಇವೆರಡರ ವ್ಯತ್ಯಾಸವೇ ಹಾಲಿನ ಗುಣ. ಅದನ್ನು ತಿಳಿದ ಮೇಲೆ, ಗೊತ್ತಿಲ್ಲದ ವಾಕ್ಯಗಳನ್ನೂ ಅವಳು ಸರಿಪಡಿಸಿಕೊಂಡು ಬರೆಯಬಲ್ಲಳು. ಟವರೂ ಇದನ್ನೇ ಮಾಡುತ್ತದೆ. ಫೋನಿಗೆ ಮೊದಲೇ ತಿಳಿದಿರುವ ಕೆಲವು ಸಂಕೇತಗಳನ್ನು ವಾರ್ತೆಯ ನಡುನಡುವೆ ಕಳುಹಿಸುತ್ತದೆ. ಇವುಗಳಿಗೆ ರೆಫರೆನ್ಸ್ ಸಿಗ್ನಲ್‌ಗಳೆಂದು ಹೆಸರು. ನಾವು ಇಲ್ಲಿ ಗುರುತು ಸಂಕೇತಗಳೆನ್ನುವೆವು. ಅವುಗಳಲ್ಲಿ ಯಾರ ಮಾತೂ ಇಲ್ಲ, ಯಾರ ಚಿತ್ರವೂ ಇಲ್ಲ. ಹಾದಿಯನ್ನು ತಿಳಿಸುವುದಕ್ಕಾಗಿ ಮಾತ್ರ ಅವು ಇವೆ. ಅವು ತೆಗೆದುಕೊಂಡಷ್ಟು ಸ್ಥಳವು ವಾರ್ತೆಗೆ ಕಡಿಮೆಯಾದಂತೆಯೇ ಸರಿ.

ಒಂದೇ ಆಂಟೆನಾ ಇದ್ದಷ್ಟು ದಿನ ಈ ಖರ್ಚು ಹಗುರವಾಗಿತ್ತು. ಹಲವು ಆಂಟೆನಾಗಳ ಪದ್ಧತಿ ಬಂದ ಮೇಲೆ ಲೆಕ್ಕ ಕೆಟ್ಟಿತು. ಈ ಪದ್ಧತಿಯನ್ನು ಮೊದಲು ರೂಪಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆಂಬುದನ್ನು ಹೇಳಲು ನಮಗೆ ಸಂತೋಷವಾಗುತ್ತದೆ. ೧೯೪೪ರಲ್ಲಿ ಪೊಲ್ಲಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು ಭಾರತದ ನೌಕಾದಳದಲ್ಲಿ ಬಹುಕಾಲ ಸೇವೆಮಾಡಿ, ೧೯೮೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟ್ ಶಾಸ್ತ್ರದ ಕೇಂದ್ರಕ್ಕೆ ಮೊದಲನೆಯ ನಿರ್ದೇಶಕರಾಗಿದ್ದು, ಆ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಬೇರೆಬೇರೆ ಆಂಟೆನಾಗಳಿಂದ ಬೇರೆಬೇರೆ ವಾರ್ತೆಗಳನ್ನು ಒಂದೇ ಕಾಲದಲ್ಲಿ, ಒಂದೇ ಆವರ್ತನದಲ್ಲಿ ಕಳುಹಿಸಿ, ಕೇಳುವವನ ಕಡೆಯಲ್ಲಿ ಬಿಡಿಸಿಕೊಳ್ಳಬಹುದೆಂಬ ಉಪಾಯಕ್ಕಾಗಿ ಅವರೂ ಥಾಮಸ್ ಕೈಲಾತ್ ಅವರೂ ೧೯೯೨ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ೧೯೯೪ರಲ್ಲಿ ಅದು ದೊರೆಯಿತು. ೨೦೧೪ರಲ್ಲಿ ಪೌಲ್‌ರಾಜ್ ಅವರಿಗೆ ಮಾರ್ಕೋನಿ ಬಹುಮಾನ ಬಂದಿತು.

ಹಲವು ಆಂಟೆನಾಗಳಿದ್ದರೆ ಇನ್ನೊಂದು ಸೌಕರ್ಯವೂ ಉಂಟು. ಎಲ್ಲವೂ ಒಂದೇ ವಾರ್ತೆಯನ್ನು ಸ್ವಲ್ಪ ಹಿಂದುಮುಂದಾಗಿ ಕಳುಹಿಸಿ, ಬೇಕಾದವನ ಫೋನಿನ ಬಳಿಯಲ್ಲಿ ಎಲ್ಲಾ ಉಬ್ಬುಗಳೂ ಕೂಡುವಂತೆಯೂ, ಬೇಡವಾದವನ ಬಳಿಯಲ್ಲಿ ಅಳಿಸಿಹೋಗುವಂತೆಯೂ ಮಾಡಬಹುದು. ಆದರೆ ಇದಕ್ಕೆ ಒಂದು ನಿಬಂಧನೆ ಇದೆ. ಪ್ರತಿಯೊಂದು ಆಂಟೆನಾದಿಂದ ಫೋನಿನ ವರೆಗಿನ ಹಾದಿಯೂ ಬೇರೆಯಾದುದು. ಆದುದರಿಂದ ಪ್ರತಿಯೊಂದನ್ನೂ ಬೇರೆಯಾಗಿಯೇ ತಿಳಿದಿರಬೇಕು. ಒಂದು ಆಂಟೆನಾ ತನ್ನ ಗುರುತನ್ನು ಹೇಳುವಾಗ, ಉಳಿದವು ಆ ಮನೆಯನ್ನು ಬರಿದಾಗಿ ಬಿಡಬೇಕು. ಇಲ್ಲವಾದರೆ ಯಾರ ದನಿ ಯಾವುದೆಂದು ತಿಳಿಯದು.

ಮನೆ ಎಂದೆವಲ್ಲವೇ? ಆ ಮಾತನ್ನು ಬಿಡಿಸಿ ಹೇಳಬೇಕು. ೨೦೦೮ರಲ್ಲಿ ಸಿದ್ಧವಾದ ೪ಜಿ ನಿಯಮಗಳ ಪ್ರಕಾರ, ಆಕಾಶದಲ್ಲಿ ಕಳುಹಿಸುವುದೆಲ್ಲವೂ ನಮ್ಮ ಶಾಲೆಯ ವೇಳಾಪಟ್ಟಿಯಂಥ ಒಂದು ಪಟ್ಟಿಯಲ್ಲಿ ಹಂಚಲ್ಪಡುತ್ತದೆ. ಒಂದು ತುಂಡು ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಆವರ್ತನಗಳ ೧೨ ಸಾಲುಗಳು. ಎಡದಿಂದ ಬಲಕ್ಕೆ ಒಂದು ಮಿಲಿಸೆಕೆಂಡನ್ನು, ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲನ್ನು, ಹಂಚಿಕೊಂಡ ೧೪ ಅಂಕಣಗಳು. ಒಟ್ಟು ೧೬೮ ಮನೆಗಳು. ಒಂದು ಆಂಟೆನಾ ಇದ್ದರೆ ಇವುಗಳಲ್ಲಿ ೮ ಮನೆಗಳು ಗುರುತು ಸಂಕೇತಕ್ಕೆ ಹೋಗುತ್ತವೆ. ಎರಡಕ್ಕೆ ೧೬. ನಾಲ್ಕಕ್ಕೆ ೨೪, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಆಗಲೇ ಕೈಹಿಡಿದು ನಾಲ್ಕು ನಾಲ್ಕು ಮನೆಗಳನ್ನು ಮಾತ್ರ ಕೊಟ್ಟರು. ಹಾಗೆ ಮಾಡಿಯೂ ಪಟ್ಟಿಯ ಏಳರಲ್ಲಿ ಒಂದು ಪಾಲು ಹಾದಿ ಕೇಳುವುದಕ್ಕೇ ತೀರಿತು. ಈಗ ಆ ತಂದೆಯವರ ೬೪ ಆಂಟೆನಾಗಳನ್ನು ತೆಗೆದುಕೊಳ್ಳಿರಿ. ಒಂದೊಂದಕ್ಕೆ ನಾಲ್ಕೇ ಮನೆಗಳೆಂದರೂ ೨೫೬ ಮನೆಗಳು ಬೇಕು, ಪಟ್ಟಿಯಲ್ಲಿರುವುದೋ ೧೬೮. ಪಾಠಕ್ಕೆ ಸ್ಥಳ ಉಳಿಯದಿರುವುದು ಹಾಗಿರಲಿ, ಹಾಜರಿಗೇ ಸ್ಥಳ ಸಾಲದು.

ಈ ೪ಜಿ ಗುರುತು ಸಂಕೇತಗಳಲ್ಲಿ ಇನ್ನೊಂದು ದೋಷವಿತ್ತು. ಕೇಳುವವರು ಇರಲಿ ಇಲ್ಲದಿರಲಿ, ನಡುರಾತ್ರಿಯಲ್ಲಿಯೂ, ಪ್ರತಿ ಮಿಲಿಸೆಕೆಂಡಿನಲ್ಲಿಯೂ ಟವರು ಅವುಗಳನ್ನು ಕೂಗುತ್ತಲೇ ಇರಬೇಕು. ಹೀಗಿರಲಾಗಿ ಟವರಿನ ಯಂತ್ರಗಳು ನಿದ್ದೆಮಾಡುವಂತಿಲ್ಲ. ವಿದ್ಯುಚ್ಛಕ್ತಿ ವ್ಯಯವಾಗುತ್ತಲೇ ಇರುತ್ತದೆ. ಅದಲ್ಲದೆ ಒಂದು ಟವರಿನ ಕೂಗು ಪಕ್ಕದ ಟವರಿನ ವಾರ್ತೆಯ ಮನೆಗಳ ಮೇಲೆ ಬಿದ್ದು ಕೆಡಿಸುತ್ತದೆ. ಎರಡು ಟವರುಗಳ ನಡುವೆ ವಾಸಿಸುವವರಿಗೆ ಈ ಬಾಧೆ ಹೆಚ್ಚು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲಾ ಫೋನಿನ ಮೂಲಕ ನಡೆಯುತ್ತಿದ್ದಾಗ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಮಾಯವಾಗುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರವಿಲ್ಲ; ಅರ್ಧ ಗಂಟೆಯಾದ ಮೇಲೆ ತಿರುಗಿ ಬರುವಳು. "ಸಿಗ್ನಲ್ ಇದೆಯೇನಮ್ಮಾ?" ಎಂದರೆ, "ಗೀಟು ಪೂರಾ ಇದೆ ಟೀಚರ್, ಆದರೆ ಪಾಠ ಬರುತ್ತಿಲ್ಲ" ಎನ್ನುವಳು. ಗೀಟು ಪೂರಾ ಇದ್ದು ಪಾಠ ಬಾರದಿರುವುದು ಹೇಗೆಂದು ನಾವು ಅವಳ ಪ್ರಗತಿ ಪತ್ರದಲ್ಲಿ "ಅಲಕ್ಷ್ಯ" ಎಂದು ಬರೆದೆವು. ಅವಳ ತಾಯಿ ಶಾಲೆಗೆ ಬಂದು, "ಅಮ್ಮಾವ್ರೇ, ಮಗು ಫೋನು ಹಿಡಿದುಕೊಂಡು ಬೇಲಿ ಹತ್ತಿರ ನಿಂತೇ ಇರ್ತದೆ, ಮಳೆ ಬಂದ್ರೂ ಒಳಗೆ ಬರೋದಿಲ್ಲ" ಎಂದು ಹೇಳಿದಾಗಲೂ ನಾವು ಪೂರ್ತಿಯಾಗಿ ನಂಬಲಿಲ್ಲ. ಅವರ ಮನೆ ಎರಡು ಊರುಗಳ ಟವರುಗಳ ನಡುವಣ ದಿಣ್ಣೆಯ ಮೇಲಿದೆ. ಫೋನಿನ ಮೇಲೆ ಕಾಣುವ ಗೀಟುಗಳು ಬಹುಮಟ್ಟಿಗೆ ಈ ಗುರುತು ಸಂಕೇತಗಳ ಬಲವನ್ನು ತೋರಿಸತಕ್ಕವು. ಪಕ್ಕದ ಟವರಿನ ಕೂಗು ಅದರೊಡನೆ ಎಷ್ಟು ಕಲಸಿದೆಯೆಂಬುದನ್ನು ತೋರಿಸತಕ್ಕವಲ್ಲ. ಗೀಟು ತುಂಬಿದ್ದು ಪಾಠ ನಿಲ್ಲುವುದು ಇಂಥ ಸ್ಥಳಗಳಲ್ಲಿ ನಡೆಯುವ ಸಂಗತಿಯೇ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯು ಕರಿಹಲಗೆಯ ಮೇಲೆ ಎರಡು ಟವರುಗಳ ಚಿತ್ರವನ್ನು ಬರೆದು ತೋರಿಸಿದಾಗ, ನಮಗೆ ಆ ಪ್ರಗತಿ ಪತ್ರದ ನೆನಪಾಯಿತು. ಆ ಒಂದು ಪದವನ್ನು ಈಗ ಹೊಡೆದುಹಾಕಿ, ನಮ್ಮ ಸಹಿಯನ್ನು ಹಾಕಿ, ಆ ಹುಡುಗಿಯ ಮನೆಗೆ ಕಳುಹಿಸಿದ್ದೇವೆ.

ವಿಷಯಕ್ಕೆ ಬರೋಣ. ೨೦೧೧ರಲ್ಲಿ ಮುಗಿದ ೧೦ನೆಯ ಆವೃತ್ತಿಯ ನಿಯಮಗಳಲ್ಲಿ ಮೊದಲನೆಯ ದೊಡ್ಡ ಮಿತವ್ಯಯವನ್ನು ಕಾಣುತ್ತೇವೆ. ಈ ನಿಯಮಗಳನ್ನು ಬರೆಯುವ ಅಂತರರಾಷ್ಟ್ರೀಯ ಮಂಡಲಿಗೆ ತ್ರೀಜಿಪಿಪಿ ಎಂದು ಹೆಸರು. ಅದು ವರೆಗೆ ಒಂದೇ ಗುರುತು ಸಂಕೇತದಿಂದ ಎರಡು ಕೆಲಸಗಳನ್ನು ಮಾಡಿಸಿಕೊಳ್ಳುತ್ತಿದ್ದರು: ವಾರ್ತೆಯನ್ನು ಬಿಡಿಸಿಕೊಳ್ಳುವುದು ಒಂದು, ಮುಂದೆ ಯಾವ ಆಂಟೆನಾಗಳಿಂದ ಹೇಗೆ ಕಳುಹಿಸಬೇಕೆಂದು ಯೋಚಿಸುವುದು ಮತ್ತೊಂದು. ಇವೆರಡಕ್ಕೂ ಒಂದೇ ನಿಷ್ಕೃಷ್ಟತೆ ಬೇಕಾಗಿಲ್ಲವೆಂದು ಕಂಡುಕೊಂಡು, ಅವುಗಳನ್ನು ಬೇರ್ಪಡಿಸಿದರು. ಯೋಜನೆಗೆ ಬೇಕಾದ ಗುರುತುಗಳನ್ನು ಬಹು ವಿರಳಮಾಡಿದರು: ಆಂಟೆನಾ ಒಂದಕ್ಕೆ ಪಟ್ಟಿಯಲ್ಲಿ ಒಂದೇ ಮನೆ, ಅದೂ ಪ್ರತಿ ಮಿಲಿಸೆಕೆಂಡಿನಲ್ಲಲ್ಲ, ೫ರಿಂದ ೮೦ ಮಿಲಿಸೆಕೆಂಡುಗಳಿಗೊಮ್ಮೆ. ೮ ಆಂಟೆನಾಗಳು ೫ ಮಿಲಿಸೆಕೆಂಡುಗಳಿಗೊಮ್ಮೆ ಕೂಗಿದರೆ, ೮೪೦ ಮನೆಗಳಲ್ಲಿ ೮ ಮಾತ್ರ ಹೋದವು. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ಹಿಂದೆ ನಾಲ್ಕು ಆಂಟೆನಾಗಳಿಗೆ ನೂರಕ್ಕೆ ಹದಿನಾಲ್ಕರಷ್ಟು ಹೋಗುತ್ತಿತ್ತೆಂಬುದನ್ನು ನೆನೆದರೆ ಲಾಭವು ಸ್ಪಷ್ಟವಾಗುವುದು.

ವಾರ್ತೆಯನ್ನು ಬಿಡಿಸಿಕೊಳ್ಳುವುದಕ್ಕೆ ಬೇಕಾದ ಗುರುತುಗಳನ್ನಾದರೋ, ವಾರ್ತೆ ಇದ್ದಾಗ ಮಾತ್ರ, ವಾರ್ತೆಯ ಜೊತೆಯಲ್ಲಿಯೇ, ವಾರ್ತೆಗೆ ಮಾಡಿದ ಹೊಂದಿಕೆಯನ್ನೇ ಮಾಡಿ ಕಳುಹಿಸುವುದೆಂದು ಗೊತ್ತುಮಾಡಿದರು. ಇದರ ಸೊಗಸು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ೬೪ ಆಂಟೆನಾಗಳು ಕೂಡಿ ಒಂದೇ ವಾರ್ತೆಯನ್ನು ಕಳುಹಿಸಿದರೆ, ಫೋನಿಗೆ ಅದು ಒಂದೇ ದನಿಯಾಗಿ ಕೇಳಿಸುತ್ತದೆ. ಮೇಳಗಾಯನದಲ್ಲಿ ೬೪ ಕಂಠಗಳಿದ್ದರೂ ಕೇಳುವವನಿಗೆ ಒಂದೇ ಹಾಡಲ್ಲವೇ? ಆದುದರಿಂದ ಗುರುತಿನ ಸಂಖ್ಯೆಯು ಕಂಠಗಳನ್ನು ಹೊಂದಿಕೊಂಡಿರದೆ ಹಾಡುಗಳ ಸಂಖ್ಯೆಯನ್ನು ಹೊಂದಿಕೊಂಡಿತು.

ಆದರೂ ಹಳೆಯ ಫೋನುಗಳಿಗಾಗಿ ೪ಜಿಯಲ್ಲಿ ಆ ಹಳೆಯ ಕೂಗನ್ನು ಉಳಿಸಿಕೊಳ್ಳಲೇಬೇಕಾಯಿತು. ೨೦೧೮ರಲ್ಲಿ ಸಿದ್ಧವಾದ ೫ಜಿ ನಿಯಮಗಳಲ್ಲಿ ಅದನ್ನು ಪೂರ್ತಿಯಾಗಿ ಬಿಟ್ಟರು. ೫ಜಿಯಲ್ಲಿ ಹೊಸದಾಗಿ ಟವರನ್ನು ಹುಡುಕುವ ಫೋನು, ೨೦ ಮಿಲಿಸೆಕೆಂಡುಗಳಿಗೊಮ್ಮೆ ಒಂದು ಪರಿಚಯದ ಕೂಗು ಬರುವುದೆಂದು ಎಣಿಸಿ ಕಾದಿರುತ್ತದೆ. ನಡುವಣ ಬಿಡುವಿನಲ್ಲಿ ಕೆಲಸವಿಲ್ಲದ ಟವರು ಸುಮ್ಮನಿರಬಹುದು.

ಎರಡನೆಯ ಉಪಾಯವು ಮೊದಲಿನದಕ್ಕಿಂತಲೂ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುಕೊಂಡಿತು. ಇದು ವರೆಗೆ ಆಂಟೆನಾಗಳು ಕೂಗುವುದು, ಫೋನು ಕೇಳುವುದು ಎಂದೇ ಹೇಳುತ್ತಾ ಬಂದೆವು. ಇದನ್ನು ತಿರುಗಿಸಿದರೆ ಹೇಗೆ? ಅಮೆರಿಕದ ಬೆಲ್ ಪ್ರಯೋಗಶಾಲೆಯ ಥಾಮಸ್ ಮಾರ್ಜೆಟ್ಟಾ ಎಂಬವರು ೨೦೧೦ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಟವರಿನ ಆಂಟೆನಾಗಳನ್ನು ಮಿತಿಯಿಲ್ಲದೆ ಹೆಚ್ಚಿಸಿದರೆ ಏನಾಗುವುದೆಂದು ವಿಚಾರಮಾಡಿದರು. ಹೋಗುವುದೂ ಬರುವುದೂ ಒಂದೇ ಆವರ್ತನದಲ್ಲಿ, ಸರದಿಯ ಮೇಲೆ ನಡೆಯುವ ಪಕ್ಷದಲ್ಲಿ, ಹೋಗುವ ಹಾದಿಯೂ ಬರುವ ಹಾದಿಯೂ ಒಂದೇ ಆಗಿರುತ್ತವೆ. ಆದುದರಿಂದ ಫೋನುಗಳೇ ಒಂದೊಂದು ಗುರುತನ್ನು ಕೂಗಲಿ. ಟವರಿನ ಆಂಟೆನಾಗಳೆಲ್ಲವೂ ಕಿವಿಗಳಾಗಿ ಒಮ್ಮೆಗೇ ಕೇಳಿಸಿಕೊಳ್ಳಲಿ. ಒಬ್ಬಳು ಹುಡುಗಿ "ಹಾಜರ್" ಎಂದರೆ ಕೇಳುವ ಕಿವಿಗಳು ಎರಡಿರಲಿ ಇನ್ನೂರಿರಲಿ, ಅವಳು ಹೇಳಬೇಕಾದುದು ಒಂದೇ ಸಾರಿ.

ಲೆಕ್ಕದಲ್ಲಿ ನೋಡೋಣ. ಹಾದಿಯು ಬದಲಾಗದೆ ನಿಲ್ಲುವಷ್ಟರಲ್ಲಿ ೨೦೦ ಮನೆಗಳು ದೊರೆಯುತ್ತವೆಂದು ಇಟ್ಟುಕೊಳ್ಳಿರಿ. ೬೪ ಆಂಟೆನಾಗಳು ಒಂದೊಂದು ಮನೆಯಲ್ಲಿ ಕೂಗಿದರೆ ಸುಮಾರು ಮೂರನೆಯ ಒಂದು ಪಾಲು ಹೋಯಿತು. ೧೨೮ ಆದರೆ ಅರ್ಧಕ್ಕಿಂತ ಹೆಚ್ಚಾಯಿತು. ಫೋನುಗಳು ಕೂಗುವುದಾದರೆ, ೧೦ ಫೋನುಗಳಿಗೆ ೧೦ ಮನೆಗಳು, ಎಂದರೆ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಆಂಟೆನಾಗಳು ೬೪ ಇರಲಿ ೧೨೮ ಇರಲಿ ಆ ಹತ್ತು ಹತ್ತೇ ಆಗಿರುವುದು. ಭಾರತದಲ್ಲಿ ೨೦೨೨ನೆಯ ಅಕ್ಟೋಬರ್ ೧ರಂದು ಪ್ರಾರಂಭವಾದ ೫ಜಿ ಸೇವೆಗೆ ಕೊಟ್ಟ ಆವರ್ತನಗಳಲ್ಲಿ ೩೩೦೦ರಿಂದ ೩೬೭೦ ಮೆಗಾಹರ್ಟ್ಸಿನ ವರೆಗಿನ ಪಟ್ಟಿಯು ಈ ಸರದಿಯ ಪದ್ಧತಿಯದೇ. ಆ ತಂದೆಯವರ ಬೀದಿಯ ಪೆಟ್ಟಿಗೆಯೂ ಇಂಥದೇ ಇದ್ದೀತು.

ಆದರೆ ಇದೂ ನಿಷ್ಕಂಟಕವಲ್ಲ. ಒಂದಕ್ಕೊಂದು ಕಲಸದ ಗುರುತುಗಳು ಎಣಿಕೆಯಷ್ಟೇ ಇರುವುದರಿಂದ, ಪಕ್ಕದ ಟವರಿನ ಫೋನುಗಳಿಗೂ ಅವುಗಳನ್ನೇ ತಿರುಗಿ ಕೊಡಬೇಕಾಗುತ್ತದೆ. ತೆಳ್ಳನೆಯ ಗೋಡೆಯ ಆಚೆ ಈಚೆ ಎರಡು ತರಗತಿಗಳಲ್ಲಿ ಒಂದೇ ಕಾಲದಲ್ಲಿ ನಂಬರಿನಿಂದ ಹಾಜರಿ ಕೂಗಿದರೆ, ಈ ಕಡೆಯ ಐದನೆಯ ನಂಬರಿನವಳು ಬಾರದಿದ್ದರೂ ಆ ಕಡೆಯ ಐದನೆಯವಳ "ಹಾಜರ್" ಕೇಳಿಸಿ ಗುರುತು ಬೀಳುವುದುಂಟು. ಟವರಿಗೂ ಹಾಗೆಯೇ ಆಗುತ್ತದೆ; ತನ್ನ ಫೋನಿನ ಹಾದಿಯೊಡನೆ ಪರರ ಫೋನಿನ ಹಾದಿಯನ್ನೂ ಕೂಡಿಸಿ ತಿಳಿದು, ಯಾರಿಗೋ ಕಳುಹಿಸಬೇಕಾದ ಶಕ್ತಿಯನ್ನು ಯಾರ ಕಡೆಗೋ ತಿರುಗಿಸುತ್ತದೆ. ಆಂಟೆನಾಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಈ ದೋಷವು ಹೋಗದೆಂದು ಮಾರ್ಜೆಟ್ಟಾ ಅವರ ಪ್ರಬಂಧವೇ ತೋರಿಸಿತು. ಇದಲ್ಲದೆ ಟವರಿನೊಳಗೆ ಕಳುಹಿಸುವ ಯಂತ್ರವೂ ಕೇಳುವ ಯಂತ್ರವೂ ಬೇರೆಯಾದುದರಿಂದ ಅವೆರಡನ್ನೂ ಆಗಾಗ ಒಂದೇ ತೂಕಕ್ಕೆ ತಂದುಕೊಳ್ಳಬೇಕು. ಫೋನಿನ ದನಿಯೂ ಟವರಿನ ದನಿಯಷ್ಟು ಗಟ್ಟಿಯಲ್ಲ.

ಹೋಗುವುದಕ್ಕೂ ಬರುವುದಕ್ಕೂ ಬೇರೆಬೇರೆ ಆವರ್ತನಗಳಿರುವ ಪಟ್ಟಿಗಳಲ್ಲಿ (ನಮ್ಮಲ್ಲಿಯ ೭೦೦ ಮೆಗಾಹರ್ಟ್ಸಿನದು ಅಂಥದು) ಈ ಉಪಾಯವು ನೇರವಾಗಿ ನಡೆಯದು. ಅಲ್ಲಿ ಟವರೇ ಕೂಗಬೇಕು, ಫೋನು ಕೇಳಿ ವರದಿ ಮಾಡಬೇಕು. ವರದಿಯನ್ನಾದರೂ ಚಿಕ್ಕದು ಮಾಡುವುದಕ್ಕಾಗಿ, ಹಂಚಿಕೆಗಳ ಒಂದು ಸಣ್ಣ ಪುಸ್ತಕವನ್ನು ಟವರಿಗೂ ಫೋನಿಗೂ ಮೊದಲೇ ಕೊಟ್ಟಿರುತ್ತಾರೆ. ೪ಜಿಯಲ್ಲಿ ನಾಲ್ಕು ಆಂಟೆನಾಗಳ ಪುಸ್ತಕದಲ್ಲಿ ೧೬ ಹಂಚಿಕೆಗಳು. ಫೋನು ಹಾದಿಯನ್ನೆಲ್ಲಾ ವರ್ಣಿಸದೆ, "ಹನ್ನೊಂದನೆಯದು" ಎಂದು ಹೇಳಿದರೆ ಸಾಕು. ನಾಲ್ಕು ಬಿಟ್‌ಗಳಲ್ಲಿ ಕೆಲಸ ತೀರಿತು. ಇನ್ನೊಂದು ಕ್ರಮವೂ ಇದೆ. ಆವರ್ತನ ಬೇರೆಯಾದರೂ ಗುಡ್ಡವು ಗುಡ್ಡದ ಜಾಗದಲ್ಲಿಯೇ ಇದೆಯಷ್ಟೆ! ಆದುದರಿಂದ ತರಂಗಗಳು ಬರುವ ದಿಕ್ಕುಗಳು ಬಹಳವಾಗಿ ಬದಲಾಗವು. ಫೋನಿನ ದನಿ ಯಾವ ದಿಕ್ಕುಗಳಿಂದ ಬಂದಿತೆಂದು ನೋಡಿಕೊಂಡು, ಟವರು ಆ ಕೆಲವು ದಿಕ್ಕುಗಳಿಗೆ ಮಾತ್ರ ಗುರುತುಗಳನ್ನು ಕಳುಹಿಸಿ ಕೇಳುತ್ತದೆ. ಆಗ ೬೪ ಪ್ರಶ್ನೆಗಳ ಬದಲು ೮ ಸಾಕಾಗಬಹುದು.

ಎಷ್ಟು ಸಾರಿ ಕೇಳಬೇಕೆಂಬುದಕ್ಕೂ ಒಂದು ಲೆಕ್ಕವಿದೆ. ೩೫೦೦ ಮೆಗಾಹರ್ಟ್ಸಿನ ತರಂಗದ ಉದ್ದ ಸುಮಾರು ೮.೬ ಸೆಂಟಿಮೀಟರು. ಫೋನು ಅದರ ಅರ್ಧದಷ್ಟು, ಎಂದರೆ ನಾಲ್ಕು ಬೆರಳಗಲಕ್ಕಿಂತ ಕಡಿಮೆ ಸರಿದರೆ, ಉಬ್ಬು ತಗ್ಗುಗಳ ಕೂಟವೇ ಬೇರೆಯಾಗಬಹುದು. ನಡೆಯುವ ಮನುಷ್ಯನು ಅಷ್ಟು ದೂರವನ್ನು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿನಲ್ಲಿ ದಾಟುತ್ತಾನೆ. ಗಂಟೆಗೆ ೬೦ ಕಿಲೋಮೀಟರು ಓಡುವ ಬಸ್ಸಿನಲ್ಲಿ ಕುಳಿತವನಿಗೆ ಮೂರು ಮಿಲಿಸೆಕೆಂಡುಗಳೂ ಬೇಕಾಗವು. ಮೇಜಿನ ಮುಂದೆ ಓದುತ್ತಾ ಕುಳಿತವಳನ್ನು ಬಸ್ಸಿನಲ್ಲಿರುವವನಂತೆ ಕೇಳಿ ಕೇಳಿ ಪೀಡಿಸಿದರೆ ಆಕಾಶ ನಷ್ಟ. ಬಸ್ಸಿನವನನ್ನು ಮೇಜಿನ ಮುಂದಿರುವವಳಂತೆ ಎಂದಾದರೊಮ್ಮೆ ಕೇಳಿದರೆ ಮಾಹಿತಿ ಹಳಸಿ ವಾರ್ತೆ ನಷ್ಟ. ಆದುದರಿಂದ ೫ಜಿಯಲ್ಲಿ ಕಾಲಬದ್ಧವಾಗಿ ಕೇಳುವುದಲ್ಲದೆ, ಬೇಕೆನಿಸಿದಾಗ ಮಾತ್ರ ಆಜ್ಞೆ ಕೊಟ್ಟು ಕೇಳುವ ಅನುಕೂಲವನ್ನೂ ಇಟ್ಟಿದ್ದಾರೆ.

ಆ ಆಜ್ಞೆಗೂ ಸ್ಥಳ ಬೇಕಲ್ಲವೇ? ಇದು ಸಾಮಾನ್ಯವಾಗಿ ಯಾರೂ ಯೋಚಿಸದ ಖರ್ಚು. ಯಾವ ಗುರುತನ್ನು ಕೇಳು, ಈಗ ಬರುವ ವಾರ್ತೆಯನ್ನು ಯಾವ ಗುರುತಿನ ಆಧಾರದಿಂದ ಬಿಡಿಸಿಕೋ ಎಂದು ಫೋನಿಗೆ ತಿಳಿಸುವ ಆಜ್ಞೆಗಳು ಸೆಕೆಂಡಿಗೆ ನೂರಾರು ಸಾರಿ ಹೋಗಬಹುದು. ದೂರದಲ್ಲಿರುವವನಿಗೂ ತಪ್ಪದೆ ಮುಟ್ಟಬೇಕಾದುದರಿಂದ ಅವುಗಳ ಒಂದೊಂದು ಬಿಟ್ಟೂ ದುಬಾರಿ. ಇಲ್ಲಿ ೫ಜಿಯವರು ಮಾಡಿದ ಏರ್ಪಾಡು ನಮ್ಮ ಶಾಲೆಯ ಗಂಟೆಯ ಏರ್ಪಾಡನ್ನು ಹೋಲುತ್ತದೆ. ವರ್ಷದ ಮೊದಲಲ್ಲಿ ಯಾವ ಗಂಟೆಗೆ ಏನು ಅರ್ಥವೆಂದು ದೊಡ್ಡ ಪಟ್ಟಿಯನ್ನು ಬರೆದು ಹಚ್ಚುತ್ತೇವೆ. ಆ ಮೇಲೆ ದಿನವೂ ಸುತ್ತೋಲೆ ಕಳುಹಿಸುವುದಿಲ್ಲ, ಜವಾನನು ಎರಡು ಸಾರಿ ಬಾರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಹಾಗೆಯೇ ಟವರು ಮೊದಲು ನಿಧಾನವಾಗಿ, ಗುರುತಿನ ಆಧಾರಗಳ ೧೨೮ ಸಾಲುಗಳ ತನಕ ಇರುವ ಒಂದು ಪಟ್ಟಿಯನ್ನು ಫೋನಿಗೆ ಕೊಟ್ಟಿರುತ್ತದೆ. ಆಗಾಗ ಒಂದು ಸಣ್ಣ ಸಂದೇಶದಿಂದ ಅವುಗಳಲ್ಲಿ ಎಂಟನ್ನು ಎಚ್ಚರಗೊಳಿಸುತ್ತದೆ. ಕಟ್ಟಕಡೆಗೆ ಪ್ರತಿ ಸಾರಿಯ ಆಜ್ಞೆಯಲ್ಲಿ, ಈ ಎಂಟರೊಳಗೆ ಯಾವುದೆಂಬುದನ್ನು ಮೂರೇ ಬಿಟ್‌ಗಳಲ್ಲಿ ಹೇಳಿ ಮುಗಿಸುತ್ತದೆ. ೧೨೮ರಲ್ಲಿ ಒಂದನ್ನು ನೇರವಾಗಿ ಹೆಸರಿಸುವುದಾದರೆ ಏಳು ಬಿಟ್‌ಗಳು ಬೇಕಾಗುತ್ತಿದ್ದುವು. ನಾಲ್ಕು ಬಿಟ್‌ಗಳು ಅಲ್ಪವೆಂದು ತೋರೀತು. ಸೆಕೆಂಡಿಗೆ ನೂರಾರು ಸಾರಿ, ಒಂದೊಂದು ಫೋನಿಗೂ ಎಂದು ಗುಣಿಸಿ ನೋಡಿರಿ. ೬೪ ಆಂಟೆನಾಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿದ ಜಾಣತನಕ್ಕಿಂತ ಈ ಮೂರು ಬಿಟ್‌ಗಳ ಜಾಣತನವೇ ನಮಗೆ ಹೆಚ್ಚಾಗಿ ಕಂಡಿತು. ಮನೆವಾರ್ತೆ ಮಾಡಿದ ಹೆಂಗಸರಿಗೆ ಇದು ಒಪ್ಪುವುದೆಂದು ನಂಬುತ್ತೇವೆ.

ಈ ಕೆಲಸ ಇನ್ನೂ ನಡೆಯುತ್ತಲೇ ಇದೆ. ೧೮ನೆಯ ಆವೃತ್ತಿಯ ಕಾಲದಲ್ಲಿ, ಫೋನಿನ ವರದಿಯನ್ನು ಕೃತಕ ಬುದ್ಧಿಮತ್ತೆಯಿಂದ ಸಂಕ್ಷೇಪಿಸಬಹುದೇ ಎಂದು ಪರಿಶೀಲನೆಮಾಡಿದರು. ೧೯ನೆಯ ಆವೃತ್ತಿಯಲ್ಲಿ, ಅದು ವರೆಗೆ ೩೨ಕ್ಕೆ ನಿಂತಿದ್ದ ಯೋಜನೆಯ ಗುರುತುಗಳ ಸಂಖ್ಯೆಯನ್ನು ೧೨೮ರ ತನಕ ಏರಿಸಿದರು. ೧೬೮ ಮನೆಗಳ ಪಟ್ಟಿಯಲ್ಲಿ ೧೨೮ನ್ನು ಒಂದೇ ಸಾರಿ ಒಂದೊಂದು ಮನೆಯಲ್ಲಿ ಕೂಗಿಸಿದರೆ ಉಳಿಯುವುದು ೪೦ ಮಾತ್ರ. ಆದಕಾರಣ ವಿರಳಮಾಡುವ, ಆರಿಸಿ ಕೇಳುವ, ಚಿಕ್ಕದಾಗಿ ಹೇಳುವ ಹಳೆಯ ಉಪಾಯಗಳೆಲ್ಲವೂ ಅಲ್ಲಿ ಮತ್ತಷ್ಟು ಬೇಕಾಗಿವೆ.

ಆ ತಂದೆಯವರನ್ನು ಈ ಸಾರಿಯ ಪೋಷಕರ ಸಭೆಯಲ್ಲಿ ಹುಡುಕಿ ಉತ್ತರ ಹೇಳಿದೆವು. ಕೈಫೋನಿನಲ್ಲಿ ಕೇಳುವ ಆಂಟೆನಾಗಳು ಸಾಮಾನ್ಯವಾಗಿ ನಾಲ್ಕು. ಒಂದು ಫೋನಿಗೆ ಒಂದೇ ಕಾಲದಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇರೆಬೇರೆ ಪ್ರವಾಹಗಳನ್ನು ಬಿಡಿಸಿಕೊಳ್ಳುವುದಕ್ಕೆ ಆಗದು. ಉಳಿದ ಬಲವೆಲ್ಲವೂ ಅದೇ ಹೊತ್ತಿನಲ್ಲಿ ಇತರರ ಫೋನುಗಳಿಗೆ ಹೋಗುತ್ತದೆ. ಅದರಲ್ಲಿಯೂ ಹಾದಿ ಕೇಳುವ ಖರ್ಚು ಕಳೆಯಬೇಕು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅಮ್ಮನವರೇ, ನನ್ನ ೬೪ ಪಾಲನ್ನು ಬೀದಿಯವರೆಲ್ಲಾ ಹಂಚಿಕೊಂಡರು ಅನ್ನಿ" ಎಂದು ನಕ್ಕು, ತಮ್ಮ ಮಗಳ ಗಣಿತದ ಅಂಕಗಳ ವಿಷಯಕ್ಕೆ ಬಂದರು.